ಘಟ್ಟ ಇಳಿದು ಕಡಲಿಗೆ: ಪುಟ್ಟ ಮಕ್ಕಳ ಜೊತೆ ಉತ್ತರ ಕನ್ನಡದಲ್ಲಿ ಮೂರು ದಿನ

ಸಿರ್ಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಫೋನಿನ ನಕ್ಷೆ ಒಂದೂವರೆ ಗಂಟೆ ತೋರಿಸುತ್ತದೆ. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗುವಿದ್ದರೆ ಎರಡೂವರೆ ಗಂಟೆ ಎಂದೇ ಹಿಡಿಯಿರಿ. ಒಂದು ಸಲ ವಾಂತಿ, ಎರಡು ಸಲ ಉಚ್ಚೆ, ಒಂದು ಸಲ ಮಂಗ ನೋಡಲು ನಿಲ್ಲುವುದು, ಇಷ್ಟಕ್ಕೇ ಒಂದು ಗಂಟೆ ಹೋಗಿರುತ್ತದೆ.

ಈ ಜಿಲ್ಲೆಗೆ ಮಕ್ಕಳನ್ನು ಕರೆತಂದವರ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಬೆಳಿಗ್ಗೆ ಯಾಣ, ಮಧ್ಯಾಹ್ನ ಗೋಕರ್ಣ, ಸಂಜೆ ಮುರುಡೇಶ್ವರ ಎಂದು ಪಟ್ಟಿ ಮಾಡಿಕೊಂಡು ಹೊರಡುತ್ತಾರೆ. ದೊಡ್ಡವರಿಗೇ ಅದು ಓಟ. ಐದು ವರ್ಷದೊಳಗಿನ ಮಕ್ಕಳಿದ್ದರೆ ನಮ್ಮ ಲೆಕ್ಕ ಹೀಗೆ: ದಿನಕ್ಕೆ ಒಂದೇ ಘಟ್ಟ, ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನ ಕೋಣೆಯಲ್ಲಿ ಕಡ್ಡಾಯ ನಿದ್ದೆ, ಸಂಜೆ ಕಡಲು. ಮುಂದಿನದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಯಾವಾಗ ಬರಬೇಕು, ಎಲ್ಲಿ ಉಳಿಯಬೇಕು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚ್‌ನಿಂದ ಘಟ್ಟದ ಕೆಳಗೆ ಸೆಕೆ ಶುರು. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಈಶಾಡ ಮಾವು ಸಿಗುತ್ತದೆ, ನಿಜ, ಆದರೆ ಮಗುವಿನ ಕುತ್ತಿಗೆ, ಬೆನ್ನ ತುಂಬ ಬೆವರುಸಾಲೆಯೂ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಳೆ ಮಕ್ಕಳನ್ನು ಕಟ್ಟಿಕೊಂಡು ಬರಲೇಬೇಡಿ. ಕಡಲು ಇಳಿಯುವ ಹಾಗಿರುವುದಿಲ್ಲ, ಗುಡ್ಡ ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಮಹಾಶಿವರಾತ್ರಿಯ ಹೊತ್ತಿನ ಗೋಕರ್ಣ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗಿನ ಸಿರ್ಸಿ, ಇವೆರಡನ್ನೂ ತಪ್ಪಿಸಿ. ಕೋಣೆ ಸಿಗುವುದಿಲ್ಲ, ಸಿಕ್ಕರೂ ಆ ಜನಜಂಗುಳಿಯಲ್ಲಿ ಮಗುವಿನ ಕೈ ಹಿಡಿದು ನಡೆಯುವುದೇ ಒಂದು ಕೆಲಸ.

ದಿನಕ್ಕೊಂದು ಊರಿನಲ್ಲಿ ಗಂಟು ಬಿಚ್ಚಿ ಕಟ್ಟುವ ಬದಲು ಕುಮಟಾ ಅಥವಾ ಹೊನ್ನಾವರದಲ್ಲಿ ನೆಲೆ ಹೂಡಿ. ಕುಮಟಾದಿಂದ ಗೋಕರ್ಣ 30 ಕಿ.ಮೀ. ಆಸುಪಾಸು, ಹೊನ್ನಾವರ 20 ಕಿ.ಮೀ., ಅಲ್ಲಿಂದ ಮುಂದೆ ಮುರುಡೇಶ್ವರ 27 ಕಿ.ಮೀ. ಎಲ್ಲವೂ ಹೆದ್ದಾರಿಯ ಮೇಲೆ ಅಥವಾ ಅದಕ್ಕೆ ಹತ್ತಿರ. ಕೋಣೆ ಹಿಡಿಯುವಾಗ ಫೋನಿನಲ್ಲೇ ನಾಲ್ಕು ಮಾತು ಕೇಳಿಬಿಡಿ: ನೆಲಮಾಳಿಗೆಯಲ್ಲ, ನೆಲಮಟ್ಟದ ಕೋಣೆ ಇದೆಯೇ? ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ನೆಲಕ್ಕೆ ಹಾಸಲು ಇನ್ನೊಂದು ಹಾಸಿಗೆ ಕೊಡುತ್ತೀರಾ? ಬೆಳಿಗ್ಗೆ ಒಂದು ಬಟ್ಟಲು ಗಂಜಿ ಮಾಡಿಕೊಡುತ್ತೀರಾ? ಹೊಸ ಜಾಗದ ಎತ್ತರದ ಮಂಚದಿಂದ ಮಕ್ಕಳು ಬೀಳುವುದು ಮೊದಲ ರಾತ್ರಿಯೇ. ಹಾಗಾಗಿ ಮೂರನೆಯ ಪ್ರಶ್ನೆಯನ್ನು ಬಿಡಬೇಡಿ.

ಘಟ್ಟ ಇಳಿಯುವುದು

ಸಿರ್ಸಿಯ ಕಡೆಯಿಂದ ಬರುವವರಿಗೆ ದೇವಿಮನೆ ಘಟ್ಟ, ಹುಬ್ಬಳ್ಳಿ ಯಲ್ಲಾಪುರದ ಕಡೆಯಿಂದ ಬರುವವರಿಗೆ ಅರಬೈಲ್ ಘಟ್ಟ, ಜೋಗದ ಕಡೆಯಿಂದ ಗೇರುಸೊಪ್ಪೆಯ ದಾರಿ. ಯಾವುದೇ ಇರಲಿ, ಹಿಂದಿನ ಸಂಜೆ ಸ್ಥಳೀಯರನ್ನು ಕೇಳಿಯೇ ಹೊರಡಿ. ರಸ್ತೆ ಕಾಮಗಾರಿಯ ಕಾರಣಕ್ಕೆ ಘಟ್ಟ ಬಂದ್ ಆಗುವುದು ಇಲ್ಲಿ ಹೊಸತಲ್ಲ. ಬಳಸುದಾರಿ ಹಿಡಿದರೆ ಮಗುವಿನ ಊಟ, ನಿದ್ದೆಯ ಲೆಕ್ಕವೆಲ್ಲ ತಲೆಕೆಳಗು.

ತಿರುವಿನಲ್ಲಿ ವಾಂತಿ ಬರುವುದಕ್ಕೆ ಹೊಟ್ಟೆ ಕಾರಣವಲ್ಲ. ಹಿಂದೆ ಕೂತ ಮಗುವಿನ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ, ಅದು ಅಲ್ಲಾಡುವುದಿಲ್ಲ. ಒಳಗಿವಿ ಮಾತ್ರ ಎಡಕ್ಕೆ ಬಲಕ್ಕೆ ತಿರುಗುತ್ತಿದ್ದೇವೆ ಎನ್ನುತ್ತಿರುತ್ತದೆ. ಎರಡು ಸುದ್ದಿಗೂ ತಾಳೆಯಾಗದೆ ಮಿದುಳು ತಬ್ಬಿಬ್ಬಾಗುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಕಡಿಮೆ, ಎರಡರಿಂದ ಹನ್ನೆರಡರವರಿಗೆ ಹೆಚ್ಚು. ಸುಮ್ಮನಿರಲಿ ಎಂದು ಕೈಗೆ ಮೊಬೈಲು ಕೊಟ್ಟರೆ ಕಣ್ಣು ಇನ್ನಷ್ಟು ಒಂದೇ ಕಡೆ ನೆಡುತ್ತದೆ, ವಾಂತಿ ಬೇಗ ಬರುತ್ತದೆ. ಘಟ್ಟದಲ್ಲಿ ಮೊಬೈಲು, ಬಣ್ಣದ ಪುಸ್ತಕ ಎರಡೂ ಬೇಡ.

ಹೊರಡುವ ಒಂದು ಗಂಟೆ ಮೊದಲು ಹಗುರಾಗಿ ತಿನ್ನಿಸಿ: ಎರಡು ಇಡ್ಲಿ, ಇಲ್ಲವೇ ಒಂದು ಹಿಡಿ ಒಣ ಅವಲಕ್ಕಿ. ತುಂಬಿದ ಹೊಟ್ಟೆಯಷ್ಟೇ ಖಾಲಿ ಹೊಟ್ಟೆಯೂ ಕೆಟ್ಟದ್ದು. ಹಾಲು, ಬನ್ಸ್, ಪೂರಿಯನ್ನು ಘಟ್ಟ ಇಳಿದ ಮೇಲೆ ಇಟ್ಟುಕೊಳ್ಳಿ. ಹೊರಡುವ ಹೊತ್ತನ್ನು ಮಗುವಿನ ಬೆಳಗಿನ ತೂಕಡಿಕೆಗೆ ಹೊಂದಿಸಿದರೆ ಇನ್ನೂ ಒಳ್ಳೆಯದು, ನಿದ್ದೆಯಲ್ಲಿರುವ ಮಗುವಿಗೆ ತೊಳಸುವುದು ಕಡಿಮೆ. ಕಾರಿನೊಳಗಿನ ಸುವಾಸನೆಯ ಡಬ್ಬಿಯನ್ನು ತೆಗೆದು ಡಿಕ್ಕಿಗೆ ಹಾಕಿ. ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಚಾಲಕರು ತಿರುವಿಗೆ ಮುಂಚೆಯೇ ನಿಧಾನ ಮಾಡಬೇಕು. ತಿರುವಿನ ನಡುವೆ ಬ್ರೇಕ್ ಒತ್ತಿದಾಗಲೇ ಹೊಟ್ಟೆ ಬಾಯಿಗೆ ಬರುವುದು. ಬಸ್ಸಿನಲ್ಲಾದರೆ ಹಿಂದಿನ ಚಕ್ರದಿಂದಾಚೆಯ ಸೀಟುಗಳನ್ನು ಬಿಟ್ಟು ನಡುಭಾಗದಲ್ಲಿ ಕೂರಿ. (ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದೊಳಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ವಯಸ್ಸಿನ ದಾಖಲೆಯ ಒಂದು ಫೋಟೋ ಫೋನಿನಲ್ಲಿರಲಿ.)

ವಾಂತಿ ಹೇಳಿ ಬರುವುದಿಲ್ಲ ಅನ್ನುತ್ತಾರೆ, ಹೇಳಿಯೇ ಬರುತ್ತದೆ. ಅಲ್ಲಿಯವರೆಗೆ ವಟಗುಟ್ಟುತ್ತಿದ್ದ ಮಗು ಸುಮ್ಮನಾಗುತ್ತದೆ. ಆಕಳಿಸುತ್ತದೆ, ಮತ್ತೆ ಆಕಳಿಸುತ್ತದೆ. ತುಟಿಯ ಸುತ್ತ ಬಿಳಿಚಿಕೊಳ್ಳುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು, ಬಾಯಲ್ಲಿ ಜೊಲ್ಲು. ಎರಡನೆಯ ಆಕಳಿಕೆಗೇ ಅಗಲವಾದ ಜಾಗ ನೋಡಿ ನಿಲ್ಲಿಸಿ. ತಿರುವಿನಲ್ಲಿ ಮಾತ್ರ ಬೇಡ, ಕೆಳಗಿನಿಂದ ಲಾರಿ ಬರುತ್ತಿರುತ್ತದೆ. ಇಳಿಸಿ, ಹತ್ತು ನಿಮಿಷ ದೂರದ ಗುಡ್ಡ ತೋರಿಸುತ್ತ ನಿಲ್ಲಿ. ಸೀಳಿದ ಲಿಂಬೆಹಣ್ಣನ್ನು ಮೂಸಲು ಕೊಡಿ. ನಿಲ್ಲಿಸುವುದು ತಡವಾಗಿ ವಾಂತಿಯೇ ಆದರೆ ಕೈಗೆಟಕುವಲ್ಲಿ ಅಗಲ ಬಾಯಿಯ ಮುಚ್ಚಳದ ಡಬ್ಬಿ ಬೇಕು. ಬರೀ ಪ್ಲಾಸ್ಟಿಕ್ ಕೊಟ್ಟೆಯನ್ನು ನಂಬಿದವರಿಗೆ ಅದರ ತಳದ ತೂತು ಆಮೇಲೆ ಗೊತ್ತಾಗುತ್ತದೆ. ಡಬ್ಬಿಯೊಳಗೆ ಕೊಟ್ಟೆ ಹಾಸಿಡಿ. ಒಂದು ಜೊತೆ ಬಟ್ಟೆ, ಒದ್ದೆ ಅರಿವೆ ಡಿಕ್ಕಿಯಲ್ಲಲ್ಲ, ಕಾಲಬುಡದ ಚೀಲದಲ್ಲಿ. ವಾಂತಿಯಾದ ಕೂಡಲೇ ನೀರು ಕುಡಿಸಿದರೆ ಅದೂ ಹೊರಗೆ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಚಮಚದಲ್ಲಿ ಕೊಡಿ.

ವಾಂತಿ ತಡೆಯುವ ಔಷಧಿ ಎರಡು ವರ್ಷದೊಳಗೆ ಬೇಡವೇ ಬೇಡ. ಅದರ ಮೇಲಿನವರಿಗೂ ಮಕ್ಕಳ ವೈದ್ಯರು ತೂಕ ನೋಡಿ ಬರೆದದ್ದೇ ಆಗಬೇಕು. ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು ಕೊಟ್ಟರೆ ಮಾತ್ರ ಉಪಯೋಗ, ಘಟ್ಟದ ನಡುವೆ ಕೊಟ್ಟದ್ದು ವಾಂತಿಯ ಜೊತೆಗೇ ಹೋಗುತ್ತದೆ. ಕೆಲವು ಮಕ್ಕಳಿಗೆ ಈ ಔಷಧಿಯಿಂದ ಮಂಪರು ಬರುತ್ತದೆ, ಕೆಲವರು ತದ್ವಿರುದ್ಧವಾಗಿ ಕುಣಿಯತೊಡಗುತ್ತಾರೆ. ನಿಮ್ಮ ಮಗು ಯಾವ ಜಾತಿ ಎಂದು ವೈದ್ಯರ ಒಪ್ಪಿಗೆಯಿಂದ ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ತೊಡೆಯ ಮೇಲಿನ ಮಗು ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಟ್ಟಿ ಬ್ರೇಕ್ ಬಿದ್ದರೆ 10 ಕೆ.ಜಿ. ಮಗುವನ್ನು ಯಾವ ತಾಯಿಯ ಕೈಯೂ ಹಿಡಿಯಲಾರದು. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನವರಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ. ಎರಡು ವರ್ಷದವರೆಗೆ ಹಿಂದಕ್ಕೆ ಮುಖ ಮಾಡಿದ ಸೀಟು ಒಳ್ಳೆಯದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದೂ ಇಡಬೇಡಿ. ಪಟ್ಟಿ ಬಿಗಿದ ಮೇಲೆ ಭುಜದ ಮೂಳೆಯ ಹತ್ತಿರ ಒಂದು ಬೆರಳು ಮಾತ್ರ ತೂರಬೇಕು.

ಘಟ್ಟವೇ ಬೇಡ ಎನ್ನುವ ಬೆಂಗಳೂರಿನವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಳಿಗ್ಗೆ ಕರಾವಳಿಯ ನಿಲ್ದಾಣಗಳನ್ನು ಮುಟ್ಟುತ್ತದೆ. ಐದು ವರ್ಷದೊಳಗೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ಕೆಳಗಿನ ಬರ್ತ್‌ನಲ್ಲಿ ಮಗು ಗೋಡೆಯ ಕಡೆಗೆ, ನೀವು ಅಂಚಿಗೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಇಪ್ಪತ್ತು ನಿಮಿಷ ಮೊದಲೇ ಮಗುವನ್ನು ಎಬ್ಬಿಸಿ ಚಪ್ಪಲಿ ಹಾಕಿಸಿ, ಒಬ್ಬರು ಚೀಲಗಳೊಂದಿಗೆ ಬಾಗಿಲ ಬಳಿ ಹೋಗಲಿ. ಇನ್ನೊಂದು ಮಾತು: ಗೋಕರ್ಣ ರೋಡ್ ನಿಲ್ದಾಣ ಗೋಕರ್ಣದಲ್ಲಿಲ್ಲ, ಊರಿನಿಂದ ಹತ್ತು ಕಿ.ಮೀ. ಹತ್ತಿರ ದೂರದಲ್ಲಿದೆ.

ಕಡಲ ದಂಡೆ

ಮೊದಲು ಜಾಗದ ಆಯ್ಕೆ. ಎಳೆ ಮಕ್ಕಳಿಗೆ ನಮ್ಮ ಮೊದಲ ಆಯ್ಕೆ ಹೊನ್ನಾವರದ ಕಾಸರಕೋಡು ಇಕೋ ಬೀಚ್. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ದಂಡೆ ಅದು. ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಜೀವರಕ್ಷಕರು ಇರಬೇಕೆಂಬುದೇ ಆ ಮಾನ್ಯತೆಯ ಷರತ್ತು. ಕಾರವಾರದ ಟಾಗೋರ್ ಕಡಲತೀರ ಊರಿಗೆ ಅಂಟಿಕೊಂಡಿದೆ, ಪಕ್ಕದಲ್ಲೇ ಐಎನ್ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯ. ಓಂ ಬೀಚಿನ ಬಂಡೆಗಳು ಚಿತ್ರಕ್ಕೆ ಚಂದ, ಪಾಚಿ ಹತ್ತಿದ ಆ ಕಲ್ಲಿನ ಮೇಲೆ ಪುಟ್ಟ ಕಾಲು ನಿಲ್ಲುವುದಿಲ್ಲ. ಮತ್ತೆ, ಎಲ್ಲಿ ಹೋದರೂ ಅಳಿವೆಯಲ್ಲಿ ಇಳಿಯಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಬಾಯಿಗಳಲ್ಲಿ ನೀರು ಮೇಲೆ ಸಪಾಟಾಗಿ, ಶಾಂತವಾಗಿ ಕಾಣುತ್ತದೆ. ಇಳಿತದ ಹೊತ್ತಿಗೆ ಇಡೀ ಹೊಳೆ ಕಡಲಿಗೆ ಎಳೆಯುತ್ತಿರುತ್ತದೆ.

ಹೊತ್ತು: ಬೆಳಿಗ್ಗೆ ಒಂಬತ್ತೂವರೆಯೊಳಗೆ, ಸಂಜೆ ನಾಲ್ಕೂವರೆಯ ಮೇಲೆ. ಉಬ್ಬರ ಇಳಿತದ ಹೊತ್ತನ್ನು ಮೀನುಗಾರರನ್ನು ಕೇಳಿ ತಿಳಿದುಕೊಳ್ಳಿ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಏರಿಕೆಗೂ ಇಳಿಕೆಗೂ ಆರು ಗಂಟೆಯ ಮೇಲೆ ಸ್ವಲ್ಪ ಅಂತರ. ನಿನ್ನೆಗಿಂತ ಇಂದು ಸುಮಾರು 50 ನಿಮಿಷ ತಡ. ನಿನ್ನೆ ಸಂಜೆ ಐದಕ್ಕೆ ಮಕ್ಕಳು ಆಡಿದ ಜಾಗದಲ್ಲಿ ನಾಳಿದ್ದು ಐದಕ್ಕೆ ನೀರಿನ ಮಟ್ಟ ಬೇರೆಯೇ ಇರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು.

ನೀರಿನಂಚಿನಲ್ಲಿ ಒಮ್ಮೆ ಬಗ್ಗಿ ಮಗುವಿನ ಕಾಲನ್ನೇ ನೋಡಿ. ನಿಮ್ಮ ಪಾದ ಮುಳುಗುವ ನೀರು ಅದರ ಮೊಣಕಾಲಿಗೆ ಬರುತ್ತದೆ. ಅಲೆ ಬರುವಾಗ ಮಗು ನಗುತ್ತದೆ, ತೊಂದರೆ ಆಗುವುದು ಅಲೆ ಹಿಂದೆ ಸರಿಯುವಾಗ. ಹಿಮ್ಮಡಿಯ ಅಡಿಯ ಮರಳು ಕೊರೆದು ಹೋಗುತ್ತದೆ, ಮಗು ಹಿಂದಕ್ಕೆ ಕೂತುಬಿಡುತ್ತದೆ, ಕೂತಾಗ ಮುಂದಿನ ಅಲೆ ಎದೆಗಲ್ಲ, ಮುಖಕ್ಕೆ ಹೊಡೆಯುತ್ತದೆ. ಇಷ್ಟಕ್ಕೆ ಐದು ಸೆಕೆಂಡ್ ಸಾಕು. ಆದ್ದರಿಂದ ಐದು ವರ್ಷದೊಳಗಿನವರ ಜೊತೆ ದೊಡ್ಡವರು ಕೈಯಳತೆಯಲ್ಲಿರಬೇಕು, ಮುಖ ಕಡಲಿನ ಕಡೆಗಿರಬೇಕು. ಒಂದು ಮಗುವಿಗೆ ಒಬ್ಬರು. ಯಾರ ಪಾಳಿ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ: "ಈಗ ನಾನು ನೋಡ್ತೇನೆ." ನಾಲ್ವರು ದೊಡ್ಡವರಿದ್ದಾಗಲೇ ಯಾರೂ ನೋಡದಿರುವುದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಪುಟ್ಟ ಮಕ್ಕಳೂ ಆಗಿರಲಿಲ್ಲ. ಕೆಂಪು ಬಾವುಟ ಹಾರುತ್ತಿದ್ದರೆ ಮರಳಿನಲ್ಲೇ ಆಡಿಸಿ, ಜೀವರಕ್ಷಕರ ಜೊತೆ ವಾದಕ್ಕಿಳಿಯಬೇಡಿ.

ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ತರಬೇಡಿ. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅಲೆ ಚಿಕ್ಕದು, ನೀರು ತಿಳಿ, ನೋಡಿದವರಿಗೆ ಧೈರ್ಯ. ಆ ಗಾಳಿಯೇ ಟ್ಯೂಬನ್ನು ಮಗುವಿನ ಸಮೇತ ಒಳಕ್ಕೆ ತಳ್ಳುತ್ತದೆ. ಈಜುಡುಗೆ ಕಿತ್ತಳೆ ಅಥವಾ ಕೆಂಪು ಬಣ್ಣದ್ದಾಗಿರಲಿ, ನೀಲಿ ಬಿಳಿ ಬಟ್ಟೆ ನೊರೆಯಲ್ಲಿ ಕಾಣುವುದಿಲ್ಲ. ದಂಡೆಗೆ ಇಳಿಯುವ ಮೊದಲು ಆ ದಿನದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೆದು, ತೋಳಿನ ಮೇಲೆ ಬಾಲ್‌ಪೆನ್ನಿನಲ್ಲಿ ನಿಮ್ಮ ಫೋನ್ ಸಂಖ್ಯೆ ಬರೆಯಿರಿ. ಕಳೆದುಹೋದರೆ ಮೊದಲು ನೀರಿನಂಚಿನಲ್ಲಿ ಹುಡುಕಿ, ಅಂಗಡಿಗಳ ಕಡೆ ಆಮೇಲೆ. ತುರ್ತಿಗೆ 112.

ಡೈಪರ್ ಹಾಕಿಕೊಂಡೇ ನೀರಿಗಿಳಿಸಿದರೆ ಅದು ಉಪ್ಪುನೀರು ಕುಡಿದು ಕಲ್ಲಿನಂತಾಗುತ್ತದೆ, ಒಳಗೆ ಸೇರಿದ ಮರಳು ತೊಡೆಸಂದಿ ಉಜ್ಜಿ ಕೆಂಪಾಗಿಸುತ್ತದೆ. ಮೇಲೆ ಬಂದ ಕೂಡಲೇ ಸಿಹಿನೀರು ಸುರಿದು, ಒರೆಸದೆ ಒತ್ತಿ ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ಐದು ಲೀಟರಿನ ಒಂದು ಕ್ಯಾನ್ ನೀರು ಕಾರಿನಲ್ಲಿದ್ದರೆ ಸಾಕು. ಡೈಪರ್ ದಿನಕ್ಕೆ ಏಳರಂತೆ ಲೆಕ್ಕ ಹಾಕಿ, ಐದು ಹೆಚ್ಚಿಗೆ. ಬಳಸಿದ್ದನ್ನು ಕೊಟ್ಟೆಯಲ್ಲಿ ಕಟ್ಟಿ ಊರಿನ ಕಸದ ಗಾಡಿಗೆ ಕೊಡಿ, ಘಟ್ಟದ ತಿರುವಿನಲ್ಲಿ ಎಸೆಯಬೇಡಿ.

ಕಾಡಿನ ಕಡೆ ಹೋಗುವುದಾದರೆ

"ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಎಂಬ ಗಾದೆ ಇದೆ. ಈಗ ಯಾಣಕ್ಕೆ ರಸ್ತೆಯಿದೆ, ಸೊಕ್ಕು ಬೇಕಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಆ ಕಪ್ಪು ಬಂಡೆಗಳ ಬುಡದಲ್ಲಿ ನಿಂತ ಮಗು ಕತ್ತೆತ್ತಿ ಬಾಯಿಬಿಡುವುದನ್ನು ನೋಡಲಿಕ್ಕಾದರೂ ಹೋಗಬೇಕು. ಗಾಡಿ ನಿಲ್ಲಿಸಿದ ಮೇಲೆ ನಡಿಗೆ, ಮೆಟ್ಟಿಲು ಇವೆ. ತಳ್ಳುಗಾಡಿ ಉಪಯೋಗಕ್ಕೆ ಬಾರದು, ಮಗುವನ್ನು ಎದೆಗೋ ಬೆನ್ನಿಗೋ ಕಟ್ಟಿಕೊಳ್ಳುವ ಚೀಲ ಬೇಕು. ಬಂಡೆಗಳಲ್ಲಿ ಹೆಜ್ಜೇನಿನ ಹುಟ್ಟುಗಳಿರುತ್ತವೆ. ಸೆಂಟು, ಹೊಗೆ, ಕಿರುಚಾಟ ಬೇಡ.

ಸಿದ್ದಾಪುರ, ಹೊನ್ನಾವರ, ಸಿರ್ಸಿಯ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಎಚ್ಚರ ಬೇಕು. ಹರಡುವುದು ಉಣುಗಿನಿಂದ, ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ. ತೋಳು ತುಂಬಿದ ತಿಳಿಬಣ್ಣದ ಬಟ್ಟೆ ಹಾಕಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ. ತರಗೆಲೆಯ ಮೇಲೆ ಕೂರಿಸಬೇಡಿ. ಮಂಗ ಸತ್ತ ಸುದ್ದಿಯಿರುವ ಕಡೆ ಹೋಗಲೇಬೇಡಿ. ಕೋಣೆಗೆ ಮರಳಿದ ಕೂಡಲೇ ಬಿಸಿನೀರು ಸ್ನಾನ. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಮಂಡಿಯ ಹಿಂದೆ ಬೆಳಕು ಹಾಕಿ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಹಿಸುಕಬೇಡಿ. ಮನೆಗೆ ಹೋಗಿ ವಾರದೊಳಗೆ ಜ್ವರ ಬಂದರೆ "ಕಾಡಿಗೆ ಹೋಗಿದ್ದೆವು" ಎಂದು ವೈದ್ಯರಿಗೆ ನೀವಾಗಿಯೇ ಹೇಳಿ, ಬಯಲುಸೀಮೆಯಲ್ಲಿ ಅವರಿಗೆ ಅದು ಹೊಳೆಯದಿರಬಹುದು. ಇಂಬಳದ (ಜಿಗಣೆಯ) ಕಾಟ ಮಳೆಗಾಲದಲ್ಲಿ, ಮಳೆ ಮುಗಿದ ಹೊಸತರಲ್ಲಿ. ಉಪ್ಪು ಮುಟ್ಟಿಸಿದರೆ ಬಿಡುತ್ತದೆ, ರಕ್ತ ನಿಲ್ಲಲು ಹತ್ತು ನಿಮಿಷ ಒತ್ತಿಹಿಡಿಯಿರಿ.

ಊಟ ಮತ್ತು ಔಷಧಿ ಡಬ್ಬಿ

ಊಟಕ್ಕೆ ಇಲ್ಲಿ ಕಷ್ಟವಿಲ್ಲ. ಗಂಜಿ, ನೀರುದೋಸೆ, ಖಾರವಿಲ್ಲದ ತಂಬುಳಿ, ಎಳನೀರು. ಮೀನು ತಿನ್ನುವ ಮನೆಯವರು ಮಗುವಿಗೆ ಬಂಗಡೆಯ ಬದಲು ಇಸವಾಣದ (ಅಂಜಲ್ ಮೀನಿನ) ಹೋಳು ಕೇಳಿ, ಅದರಲ್ಲಿ ಮುಳ್ಳು ತೆಗೆಯುವುದು ಸುಲಭ. ಸಿರ್ಸಿಯ ಕಡೆ ಪ್ರೀತಿಯಿಂದ ಕೂಸಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸಲು ಬರುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯ, ಬಾಟುಲಿಸಂ ಎಂಬ ವಿಷಬಾಧೆ ಬರಬಹುದು. ಮುಲಾಜಿಲ್ಲದೆ ತಡೆಯಿರಿ.

ಬೇಧಿಯಾದರೆ ಒಆರ್‌ಎಸ್. ಇಲ್ಲಿ ಆಗುವ ತಪ್ಪು ಒಂದೇ: ಒಂದು ಲೀಟರಿನ ಪೊಟ್ಟಣವನ್ನು ಅಂದಾಜಿಗೆ ಒಂದು ಲೋಟಕ್ಕೆ ಸುರಿಯುವುದು. ಉಪ್ಪು ವಿಪರೀತವಾಗಿ ಮಗು ಇನ್ನಷ್ಟು ಬಳಲುತ್ತದೆ. ಒಂದು ಲೀಟರಿನ ಬಾಟಲಿಗೇ ಪೂರ್ತಿ ಪೊಟ್ಟಣ ಹಾಕಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಬೇಧಿಯಾದ ಮೇಲೆ ಎರಡು ವರ್ಷದೊಳಗೆ 50ರಿಂದ 100 ಮಿ.ಲೀ., ಅದರ ಮೇಲೆ 100ರಿಂದ 200 ಮಿ.ಲೀ. ಎದೆಹಾಲು ನಿಲ್ಲಿಸಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಕೆ.ಜಿ.ಗೆ 15 ಮಿ.ಗ್ರಾಂ. 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಸಿರಪ್ ಹೆಚ್ಚಾಗಿ ಎರಡು ಬಲದಲ್ಲಿ ಬರುತ್ತದೆ: 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದಾದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ. ಮನೆಯಲ್ಲಿ 120ರ ಅಭ್ಯಾಸವಿದ್ದವರು ಕುಮಟಾದ ಅಂಗಡಿಯಲ್ಲಿ 250ರ ಬಾಟಲಿ ಕೊಂಡು ಅದೇ 6 ಮಿ.ಲೀ. ಕುಡಿಸಿದರೆ ದುಪ್ಪಟ್ಟಾಯಿತು. ನಿಮ್ಮ ಬಾಟಲಿ, ಅದರ ಅಳತೆ ಕೊಳವೆ ಮನೆಯಿಂದಲೇ ತನ್ನಿ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಔಷಧಿ ಹುಡುಕದೆ ಆಸ್ಪತ್ರೆಗೇ ಹೋಗಿ. ತಾಲ್ಲೂಕು ಆಸ್ಪತ್ರೆಗಳಿವೆ, ಕಾರವಾರದಲ್ಲಿ ಜಿಲ್ಲಾಸ್ಪತ್ರೆ ಇದೆ. ಅದಕ್ಕಿಂತ ದೊಡ್ಡ ಚಿಕಿತ್ಸೆಗೆ ಇಲ್ಲಿಯವರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುತ್ತಾರೆ. ಉಬ್ಬಸ, ಫಿಟ್ಸ್ ಇರುವ ಮಕ್ಕಳ ಔಷಧಿಯನ್ನು ಎರಡು ಪಾಲು ಮಾಡಿ ಎರಡು ಚೀಲದಲ್ಲಿಡಿ.

ಮೂರು ದಿನ ಹೀಗೆ

ಮೊದಲ ದಿನ ಘಟ್ಟ ಇಳಿದು ಕುಮಟಾ, ಮಧ್ಯಾಹ್ನ ನಿದ್ದೆ, ಸಂಜೆ ಮರಳಾಟ ಅಷ್ಟೇ. ಎರಡನೆಯ ದಿನ ಬೆಳಿಗ್ಗೆ ಎಂಟೂವರೆಗೆ ಮಿರ್ಜಾನ್ ಕೋಟೆ, ಹತ್ತರೊಳಗೆ ವಾಪಸು. ಹುಲ್ಲು ಹೊದ್ದ ಕೆಂಪುಕಲ್ಲಿನ ಗೋಡೆಗಳ ನಡುವೆ ಮಕ್ಕಳು ಓಡುತ್ತಾರೆ, ಓಡಲಿ, ಆದರೆ ಒಳಗೆ ಆಳದ ಬಾವಿಗಳಿವೆ. ಮೊದಲು ನೀವೊಬ್ಬರೇ ಸುತ್ತಿ ಬಾವಿ ಎಲ್ಲೆಲ್ಲಿದೆ ನೋಡಿಕೊಂಡು ಆಮೇಲೆ ಕೈಬಿಡಿ. ಸಂಜೆ ಕಾಸರಕೋಡು. ಮೂರನೆಯ ದಿನ ಬೆಳಿಗ್ಗೆ ಬೇಗ ಮುರುಡೇಶ್ವರ. 237 ಅಡಿಯ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ 123 ಅಡಿಯ ಶಿವ ಕಾಣುತ್ತಾನೆ. ಬಿಸಿಲೇರಿದ ಮೇಲೆ ಸರತಿ ಉದ್ದ, ಬರಿಗಾಲಿಗೆ ಕಲ್ಲು ಸುಡುತ್ತದೆ. ಯಾಣ, ಗೋಕರ್ಣ ಬೇಕೇ ಬೇಕೆಂದರೆ ನಾಲ್ಕನೆಯ ದಿನ ಸೇರಿಸಿ, ಈ ಮೂರರೊಳಗೆ ತುರುಕಬೇಡಿ.

ಮರಳಿ ಘಟ್ಟ ಹತ್ತುವ ಹಿಂದಿನ ಸಂಜೆ ಮಗುವಿನ ಸೀಟನ್ನು ಹೊರಗೆ ತೆಗೆದು ಬೋರಲು ಹಾಕಿ ತಟ್ಟಿ. ಮೂರು ದಿನದ ಮರಳು ಬಕಲ್‌ನ ಕಿರಿದಾದ ಬಾಯೊಳಗೆ ಇಳಿದಿರುತ್ತದೆ. ಆಗ ಪಟ್ಟಿ ಒಳಗೆ ಹೋದಂತೆ ಕಾಣುತ್ತದೆ, ಹಲ್ಲಿಗೆ ಕಚ್ಚಿರುವುದಿಲ್ಲ. ಉಫ್ ಎಂದು ಊದಿ, ಮೂರು ನಾಲ್ಕು ಸಲ ಹಾಕಿ ತೆಗೆದು, ಟಕ್ ಎಂಬ ಸದ್ದು ಕೇಳಿದ ಮೇಲೆ ಜಗ್ಗಿ ನೋಡಿ. ಜಗ್ಗಿದಾಗ ಬಿಚ್ಚಿಕೊಂಡರೆ ಮತ್ತೆ ಊದಿ.